ಹೊರದೇಶದ ಸೇವೆಗೆ ಹೋಗೂದೈತಿ, ತಯಾರಿ ಸಲುವಾಗಿ ಈಗ ನೌಕರಿ ಬಿಡ್ಲೇನು?

ಲಕ್ಕುಂಡಿ_ಹುಡುಗಿ | ಭಾನುವಾರ, ರಾತ್ರಿ 9:40

ಎಲ್ಲಾರಿಗೂ ನಮಸ್ಕಾರ್ರಿ. ಹುಬ್ಬಳ್ಳ್ಯಾಗ ಒಂದು ಖಾಸಗಿ ದವಾಖಾನಿ ಐಸಿಯುದಾಗ ಸ್ಟಾಫ್ ನರ್ಸ್ ಇದ್ದೀನಿ. ಬಿಎಸ್ಸಿ ನರ್ಸಿಂಗ್ ಮುಗಿಸಿ ಇಲ್ಲೇ ಸೇರಿದ್ದು, ನಾಕು ವರ್ಷ ನಾಕು ತಿಂಗಳಾತು. ವಯಸ್ಸು 27. ಊರು ಗದಗ ತಾಲೂಕಿಂದು. ಅಪ್ಪಗ ಮೂರು ಎಕರೆ ಎರಿ ಹೊಲ ಐತಿ, ಕಡ್ಲಿ, ಉಳ್ಳಾಗಡ್ಡಿ ಹಾಕ್ತಾನ.

ಆಫ್ರಿಕಾದಾಗ ಒಂದೆರಡು ವರ್ಷ ಸ್ವಯಂಸೇವಕಿಯಾಗಿ ಕೆಲಸ ಮಾಡಬೇಕು ಅನ್ನೂದು ನಿನ್ನೆ ಮೊನ್ನೆಯ ಆಸೆ ಅಲ್ಲ. ನನ್ನ ತಮ್ಮ ಹುಟ್ಟಿದ ರಾತ್ರಿ ಅವ್ವಗ ರಕ್ತ ನಿಲ್ಲಲಿಲ್ಲ. ಊರ ಉಪಕೇಂದ್ರದಾಗ ಇದ್ದಾಕಿ ಕೇರಳದಿಂದ ಬಂದ ಒಬ್ಬ ಸಿಸ್ಟರ್. ಮಳಿಯಾಗ, ಟ್ರ್ಯಾಕ್ಟರ್ ಟ್ರೇಲಿಯೊಳಗ ಮೊಣಕಾಲೂರಿ ಕುಂತು, ಅವ್ವನ ಹೊಟ್ಟಿ ಒತ್ತಿ ಹಿಡಕೊಂಡ ಗದಗ ತನಕ ಬಂದ್ಲು. ನಾ ಆವಾಗ ಆರು ವರ್ಷದಾಕಿ, ಟ್ರೇಲಿ ಮೂಲ್ಯಾಗ ಗೋಣಿಚೀಲ ಹೊಚ್ಚಿಕೊಂಡು ಕುಂತಿದ್ದೆ. ಆಕಿ ನಮ್ಮ ಪೈಕಿ ಅಲ್ಲ, ನಮ್ಮ ಭಾಷಾನೂ ಆಕೀದಲ್ಲ. ಆಕಿ ಇರದಿದ್ರ ನಮಗ ಅವ್ವ ಇರ್ತಿರಲಿಲ್ಲ. ಆ ಋಣ ಎಲ್ಲೆರೆ ಒಂದು ಕಡೆ ತೀರಿಸಬೇಕು.

ನನ್ನ ವಿಚಾರ ಏನಂದ್ರ, ಬರೋ ತಿಂಗಳು ರಾಜೀನಾಮೆ ಕೊಟ್ಟು ಊರಿಗೆ ಹೋಗಿ ಒಂದು ವರ್ಷ ಬರೇ ತಯಾರಿ ಮಾಡೂದು. ಫ್ರೆಂಚ್ ಕಲಿಬೇಕು, ಇಂಗ್ಲಿಷ್ ಮಾತು ಸುಧಾರಿಸಬೇಕು, ಮಲೇರಿಯಾ-ಕಾಲರಾ ಬಗ್ಗೆ ಆನ್‌ಲೈನ್ ಕೋರ್ಸ್ ಮಾಡಬೇಕು. ಈಗ ನೈಟ್ ಡ್ಯೂಟಿ 12 ತಾಸು. ಮುಂಜಾನೆ ರೂಮಿಗೆ ಬಂದು ಬಿದ್ರ ಸಂಜಿತನಕ ಎಚ್ಚರ ಇರಂಗಿಲ್ಲ, ಪುಸ್ತಕ ಹಿಡಿಯೂದು ಎಲ್ಲಿಂದ. ಉಳಿತಾಯ 1,60,000 ಐತಿ. ಓದಿನ ಸಾಲ 90,000 ಬಾಕಿ, ತಿಂಗಳ ಕಂತು 4,200. ಅವ್ವ ಮದುವಿ ಮಾತು ತಗದಾಳ. ಅಪ್ಪ ಏನೂ ಅನ್ನಂಗಿಲ್ಲ, ಸುಮ್ಮ ಕೂಡ್ತಾನ, ಅದಾ ನನಗ ಹೆಚ್ಚಿಂದು ಆಗೇತಿ.

ಹೋಗಿ ಬಂದವರು, ಪ್ರಯತ್ನ ಮಾಡಿ ಬಿಟ್ಟವರು ಯಾರರೆ ಇದ್ರ ಹೇಳ್ರಿ. ಬಿಟ್ಟು ತಯಾರಿ ಮಾಡೂದು ಬರೋಬ್ಬರಿ ಏನು?

ಬ್ಯಾಡಗಿ_ಬಿಸಿಲು | ಭಾನುವಾರ, ರಾತ್ರಿ 9:52

ಬಿಡಬ್ಯಾಡ್ರಿ. ಕೈಯಾಗ ಪತ್ರ ಬರೂತನಕ ಬಿಡಬ್ಯಾಡ್ರಿ.

ಉಣಕಲ್_ಕೆರಿ | ಭಾನುವಾರ, ರಾತ್ರಿ 10:05

ಟ್ರ್ಯಾಕ್ಟರ್ ಮಾತು ಓದಿ ಕಣ್ಣಾಗ ನೀರು ಬಂತು ತಂಗಿ. ಹೋಗು. ಹೆಂಗ ಹೋಗೂದು ಅನ್ನೂದನ್ನ ಇಲ್ಲೆ ಎಲ್ಲಾರೂ ಕೂಡಿ ನೋಡೂಣು.

ಚಿಗರಿ_ಪ್ರಯಾಣಿಕ | ಭಾನುವಾರ, ರಾತ್ರಿ 10:31

ತಂಗಿ, ನಾನು ಹದಿನೈದು ವರ್ಷದಿಂದ ಕಾರ್ಖಾನೆಯೊಂದರ ಸಿಬ್ಬಂದಿ ವಿಭಾಗದಲ್ಲಿದ್ದೇನೆ. ಹಾಗಾಗಿ ಲೆಕ್ಕದಿಂದ ಶುರು ಮಾಡುತ್ತೇನೆ, ಬೇಸರ ಮಾಡಿಕೊಳ್ಳಬೇಡ.

ಕಾಯಂ ನೌಕರರಿಗೆ ಗ್ರಾಚ್ಯುಟಿ, ಅಂದರೆ ನೌಕರಿ ಬಿಡುವಾಗ ಮಾಲೀಕರು ಕೊಡುವ ಇಡಿಗಂಟು, ಸಿಗಲು ಐದು ವರ್ಷ ಸೇವೆ ಆಗಬೇಕು. ನಿನಗೆ ಇನ್ನು ಎಂಟು ತಿಂಗಳು ಬಾಕಿ. ಕೊನೆಯ ಮೂಲ ವೇತನ ಮತ್ತು ತುಟ್ಟಿಭತ್ಯೆಯನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕು. ಎರಡೂ ಸೇರಿ 14,000 ಎಂದು ಹಿಡಿದರೆ ಐದು ವರ್ಷಕ್ಕೆ 40,384 ರೂಪಾಯಿ. ನಿನ್ನ ಸಾಲದ ಒಂಬತ್ತು ತಿಂಗಳ ಕಂತು ಅಲ್ಲೇ ಇದೆ.

ಪಿಎಫ್ ಹಣ ಮುಟ್ಟಬೇಡ. ಐದು ವರ್ಷ ಆಗುವ ಮೊದಲು ತೆಗೆದರೆ ತೆರಿಗೆ ಬೀಳುತ್ತದೆ. ಪಿಂಚಣಿಗೆ ಒಟ್ಟು 10 ವರ್ಷದ ಸೇವೆ ಬೇಕು. ಬಿಡುವಾಗ ಸ್ಕೀಮ್ ಸರ್ಟಿಫಿಕೇಟ್ ತೆಗೆದುಕೊಂಡರೆ ಈಗಿನ ವರ್ಷಗಳು ಮುಂದಿನ ನೌಕರಿಯ ವರ್ಷಗಳ ಜೊತೆ ಕೂಡುತ್ತವೆ. ನೋಟಿಸ್ ಅವಧಿ ಎಷ್ಟು ಎಂದು ನೇಮಕಾತಿ ಪತ್ರದಲ್ಲಿ ನೋಡು. ರಿಲೀವಿಂಗ್ ಪತ್ರ, ಅನುಭವ ಪತ್ರ ಎರಡೂ ಕೈಗೆ ಬರದೆ ಕೊನೆಯ ಸಹಿ ಹಾಕಬೇಡ.

ಸಾಲಿಮನಿ | ಭಾನುವಾರ, ರಾತ್ರಿ 10:44

ನಾಕು ವರ್ಷ 240 ದಿನ ಆದ್ರ ಸಾಕು ಅಂತ ಕೇಳೀನಲ್ರಿ?

ಚಿಗರಿ_ಪ್ರಯಾಣಿಕ | ಭಾನುವಾರ, ರಾತ್ರಿ 10:50

ಮದ್ರಾಸ್ ಹೈಕೋರ್ಟ್ ಹಾಗೆ ಹೇಳಿದ್ದು ಹೌದು. ಆದರೆ ಆಡಳಿತದವರು ಒಪ್ಪದಿದ್ದರೆ ಈಕೆ ಅದನ್ನು ಹಿಡಿದುಕೊಂಡು ಕಚೇರಿಯಿಂದ ಕಚೇರಿಗೆ ತಿರುಗಬೇಕು. ನಾಲ್ಕು ತಿಂಗಳ ಸಲುವಾಗಿ ಆ ಜಗಳ ಯಾಕೆ? ಪೂರ್ತಿ ಐದು ಮುಗಿಸಲಿ.

ನೃಪತುಂಗ_ಬೆಟ್ಟ | ಸೋಮವಾರ, ಬೆಳಗ್ಗೆ 7:15

ಎಲ್ಲರೂ ರೊಕ್ಕದ ಲೆಕ್ಕಕ್ಕೇ ಹತ್ತಿದರಲ್ಲ. ನಾನು ನೌಕರಿ ಬಿಟ್ಟೇ ತಯಾರಿ ಮಾಡಿದವನು, ನನ್ನ ಮಾತೂ ಕೇಳಿ.

ಹುಬ್ಬಳ್ಳಿಯಲ್ಲಿ ನೀರು ಸರಬರಾಜು ಕೆಲಸದಲ್ಲಿ ಸಿವಿಲ್ ಎಂಜಿನಿಯರ್ ಆಗಿದ್ದೆ. ಬಿಟ್ಟು ಬೆಂಗಳೂರಿಗೆ ಹೋಗಿ 14 ತಿಂಗಳು ಫ್ರೆಂಚ್ ಕಲಿತೆ. ಬಿ2 ಹಂತ, ಅಂದರೆ ತಡವರಿಸದೆ ಮಾತಾಡುವ ಮಟ್ಟ, ಮುಟ್ಟಬೇಕಾದರೆ ಸುಮಾರು 500ರಿಂದ 600 ತಾಸು ಪಾಠ, ಅಭ್ಯಾಸ ಬೇಕು. ದಿನಕ್ಕೆ ಒಂದು ತಾಸು ಅಂದರೂ ಒಂದೂವರೆ ವರ್ಷ. ಸೈಟಿನ ಧೂಳಿನಲ್ಲಿ ನಿಂತು ಬಂದು ಅದು ನನ್ನಿಂದ ಆಗುತ್ತಿರಲಿಲ್ಲ. ಆಮೇಲೆ ಪೂರ್ವ ಚಾಡ್‌ಗೆ ಹೋದೆ, ಸುಡಾನಿನಿಂದ ಗಡಿ ದಾಟಿ ಬಂದವರ ಶಿಬಿರದಲ್ಲಿ ನೀರಿನ ಕೆಲಸ. ಒಬ್ಬ ಮನುಷ್ಯನಿಗೆ ದಿನಕ್ಕೆ ಕನಿಷ್ಠ 15 ಲೀಟರ್ ಅನ್ನುವುದು ಅಂತರರಾಷ್ಟ್ರೀಯ ಮಾನದಂಡ. ಅಷ್ಟು ಮುಟ್ಟಿಸಲು ನಾವು ಮೊದಲ ಎರಡು ತಿಂಗಳು ಹಗಲು ರಾತ್ರಿ ಟ್ಯಾಂಕರ್ ಓಡಿಸಿದೆವು. ನಳದ ತುದಿಯಲ್ಲಿ ಕ್ಲೋರಿನ್ ಪರೀಕ್ಷೆ ಮಾಡುವಾಗ ಸಾಲಿನಲ್ಲಿ ನಿಂತ ಹೆಂಗಸರ ಜೊತೆ ಒಂದೆರಡು ಮಾತಾಡಲು ಬಂದದ್ದೇ ನನಗೆ ದೊಡ್ಡ ಶಕ್ತಿ.

ಆದರೆ ಒಂದು ಮಾತು ಮುಚ್ಚಿಡುವುದಿಲ್ಲ. ಮೊದಲ ಸಂದರ್ಶನದಲ್ಲಿ ಕೇಳಿದ್ದು ಫ್ರೆಂಚ್ ಬಗ್ಗೆ ಅಲ್ಲ. ‘ಕಳೆದ ಒಂದು ವರ್ಷ ಯಾವ ಕೆಲಸ ಕೈಯಾರೆ ಮಾಡಿದ್ದೀರಿ?’ ಎಂದು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ, ಆ ಸಲ ತೆಗೆದುಕೊಳ್ಳಲಿಲ್ಲ. ಮತ್ತೆ ಆರು ತಿಂಗಳು ರಾಯಚೂರು ಕಡೆ ಕುಡಿಯುವ ನೀರಿನ ಕೆಲಸ ಮಾಡಿ ಎರಡನೇ ಸಲ ಹೋದೆ.

ಸಾಲಿಮನಿ | ಸೋಮವಾರ, ಬೆಳಗ್ಗೆ 7:40

ಅಂದ್ರ ನೀವೂ ‘ಬಿಡಬ್ಯಾಡ’ ಅಂತಾನ ಹೇಳಿದಂಗಾತಲ್ರಿ.

ನೃಪತುಂಗ_ಬೆಟ್ಟ | ಸೋಮವಾರ, ಬೆಳಗ್ಗೆ 7:46

ಇಲ್ಲ. ಭಾಷೆಗೆ ಹೊತ್ತು ಬೇಕು ಅನ್ನುತ್ತಿದ್ದೇನೆ. ಕೈ ಕೆಲಸ ತಪ್ಪಿಸಬಾರದು ಅಂತಲೂ ಅನ್ನುತ್ತಿದ್ದೇನೆ. ಎರಡೂ ಖರೇನೇ.

ನವಲೂರ_ಪೇರಲ | ಸೋಮವಾರ, ಮಧ್ಯಾಹ್ನ 1:10

ಫ್ರೆಂಚ್ ಎಲ್ಲಾ ಕಡೆ ಬೇಕಾಗಂಗಿಲ್ರಿ. ಕಾಂಗೋ, ಚಾಡ್, ಮಧ್ಯ ಆಫ್ರಿಕಾ ಗಣರಾಜ್ಯ ಅಂದ್ರ ಬೇಕು. ಉಗಾಂಡಾ, ಮಲಾವಿ, ಜಾಂಬಿಯಾ, ಸಿಯೆರಾ ಲಿಯೋನ್‌ಗೆ ಇಂಗ್ಲಿಷ್ ನಡೀತೈತಿ. ಮೊದಲ ಎಲ್ಲಿ ಹೋಗಬೇಕು, ಯಾರ ಕೂಡ ಹೋಗಬೇಕು ಅನ್ನೂದು ಗಟ್ಟಿ ಮಾಡ್ರಿ, ಭಾಷಾ ಆಮ್ಯಾಲೆ.

ವಿಶ್ವಸಂಸ್ಥೆಯ ಸ್ವಯಂಸೇವಕ ವಿಭಾಗ ಐತಲ್ರಿ, ಯುಎನ್‌ವಿ, ಅದರ ಕಚೇರಿ ಜರ್ಮನಿಯ ಬಾನ್‌ದಾಗ ಐತಿ. 18ರಿಂದ 26ರ ತನಕ ಯುವ ಸ್ವಯಂಸೇವಕರ ವಿಭಾಗ, 27 ಆದವರು ಸ್ಪೆಷಲಿಸ್ಟ್ ವಿಭಾಗಕ್ಕ ಹಾಕಬಹುದು. ನಿಮಗ ಈಗ ಬರೋಬ್ಬರಿ 27. ಜೀವನ ಭತ್ಯೆ, ಆರೋಗ್ಯ ವಿಮೆ ಕೊಡ್ತಾರ. ಅರ್ಜಿಗೆ ಒಂದು ಪೈಸೆ ಇಲ್ಲ. ಮನ್ಯಾಗ ಕುಂತು ಮಾಡೂ ಆನ್‌ಲೈನ್ ಸ್ವಯಂಸೇವೆನೂ ಐತಿ, ಅದನ್ನ ಸೂಟಿ ದಿನ ಮಾಡಿ ನೋಡ್ರಿ. ಗಡಿಯಿಲ್ಲದ ವೈದ್ಯರು, ಅಂದ್ರ ಎಂಎಸ್‌ಎಫ್, ಅವರೂ ಭಾರತದಿಂದ ನರ್ಸ್‌ಗಳನ್ನ ತಗೋತಾರ, ದಿಲ್ಲ್ಯಾಗ ಕಚೇರಿ ಐತಿ.

ಮಲಪ್ರಭಾ | ಸೋಮವಾರ, ಮಧ್ಯಾಹ್ನ 2:20

‘ಪೈಸೆ ಇಲ್ಲ’ ಅನ್ನೂದನ್ನ ದಪ್ಪ ಅಕ್ಷರದಾಗ ಬರೀರಿ. ನನ್ನ ಅಕ್ಕನ ಮಗಳು ‘ವಾಲಂಟಿಯರ್ ವೀಸಾ’ ಅಂತ ಒಬ್ಬ ಏಜೆಂಟಗ 85,000 ಕೊಟ್ಟಳು. ಕಚೇರಿ ಗಾಜಿನ ಬಾಗಿಲದ್ದು, ಒಳಗ ಎಸಿ, ಗ್ವಾಡಿ ಮ್ಯಾಲೆ ವಿಶ್ವಸಂಸ್ಥೆ ಚಿತ್ರ. ‘ಸೀಟು ಎರಡಾ ಉಳದಾವ, ಇವತ್ತಾ ಕಟ್ರಿ’ ಅಂದ. ಮೂರು ತಿಂಗಳಿಗೆ ಬಾಗಿಲ ಮುಚ್ಚಿತು. ಆಕಿ ಅವ್ವನ ಬಿಲ್ವಾರ ಒತ್ತಿ ಇಟ್ಟು ಕಟ್ಟಿದ ರೊಕ್ಕ ಅದು. ಇವತ್ತಿಗೂ ಆ ಮನ್ಯಾಗ ಆಕಿ ತಲಿ ಎತ್ತಿ ಊಟ ಮಾಡಂಗಿಲ್ಲ.

ನವಲೂರ_ಪೇರಲ | ಸೋಮವಾರ, ಮಧ್ಯಾಹ್ನ 2:41

ಭಾಳ ಕೆಟ್ಟ ಅನ್ನಿಸ್ತು. ವಿಶ್ವಸಂಸ್ಥೆ ಯಾವ ಹಂತದಾಗೂ ಶುಲ್ಕ ಕೇಳಂಗಿಲ್ಲ. ಕೇಳಿದ್ರ ಅದು ಮೋಸ, ಅಷ್ಟಾ. ಹೊರದೇಶದ ನೌಕರಿಗೆ ಕಳಸೂ ನೋಂದಾಯಿತ ಏಜೆಂಟ ಕೂಡ 30,000 ರೂಪಾಯಿ ಮತ್ತ ಜಿಎಸ್‌ಟಿ, ಅದಕ್ಕಿಂತ ಹೆಚ್ಚು ತಗೊಳ್ಳಂಗಿಲ್ಲ. ಹೆಸರು ನೋಂದಣಿ ಐತೋ ಇಲ್ಲೋ ಸರ್ಕಾರದ ಇ-ಮೈಗ್ರೇಟ್ ತಾಣದಾಗ ನೋಡಬಹುದು. ಆಕಿಗೆ ಸೈಬರ್ ಠಾಣೆಗೆ ದೂರು ಕೊಡಾಕ ಹೇಳ್ರಿ, ತಡಾ ಆಗೇತಿ ಅಂತ ಬಿಡಬ್ಯಾಡ್ರಿ.

ಉಣಕಲ್_ಕೆರಿ | ಸೋಮವಾರ, ಸಂಜೆ 6:00

ಹೊರದೇಶಕ್ಕ ನೌಕರಿಗೆ ಹೋಗೂ ಮುಂದ ಸರ್ಕಾರ ಮಾಡೂ ಎಮಿಗ್ರೇಶನ್ ತಪಾಸಣೆ ಹತ್ತನೆತ್ತೆ ಪಾಸಾದವರಿಗೆ ಇಲ್ಲ ಅಲ್ರಿ? ಹಂಗಾದ್ರ ನರ್ಸ್ ಮಂದಿಗೆ ತ್ರಾಸ ಇಲ್ಲ.

ಚಿಗರಿ_ಪ್ರಯಾಣಿಕ | ಸೋಮವಾರ, ಸಂಜೆ 6:25

ಅದರಲ್ಲಿ ಒಂದು ತಿದ್ದುಪಡಿ ಇದೆ. ತಪಾಸಣೆ ಬೇಕಾದ ದೇಶಗಳು 18. ಆ ದೇಶಗಳಿಗೆ ನೌಕರಿಗೆ ಹೋಗುವ ನರ್ಸ್‌ಗಳಿಗೆ 2015ರಿಂದ ಎಷ್ಟು ಓದಿದ್ದರೂ ಎಮಿಗ್ರೇಶನ್ ಅನುಮತಿ ಬೇಕು. ಆ ಪಟ್ಟಿಯಲ್ಲಿ ಕೊಲ್ಲಿ ದೇಶಗಳ ಜೊತೆ ಸುಡಾನ್, ದಕ್ಷಿಣ ಸುಡಾನ್, ಲಿಬಿಯಾ ಕೂಡ ಇವೆ. ಉಗಾಂಡಾ, ಮಲಾವಿ ಇಲ್ಲ. ದೇಶ ಗೊತ್ತಾದ ಕೂಡಲೇ ಕಳಿಸುವ ಸಂಸ್ಥೆಯನ್ನೇ ಈ ಬಗ್ಗೆ ಬರವಣಿಗೆಯಲ್ಲಿ ಕೇಳಬೇಕು.

ವರದಾ_ತೀರ | ಸೋಮವಾರ, ರಾತ್ರಿ 11:30

ತಂಗಿ, ನಾ ಹಾವೇರಿಯಾಕಿ. ಉಗಾಂಡಾದ ಉತ್ತರಕ್ಕ, ಗುಲು ಹತ್ರ, ಮಕ್ಕಳ ವಾರ್ಡಿನಾಗ ಎರಡು ವರ್ಷ ಇದ್ದು ಬಂದೀನಿ. ಹೋದಾಗ ನನಗ 34. ಮಕ್ಕಳು ಮಲಗಿದ ಮ್ಯಾಲೆ ಬರಿಯಾಕ ಕುಂತೀನಿ, ಉದ್ದ ಆಗ್ತೈತಿ.

ಅರ್ಜಿ ಹಾಕಿ ವಿಮಾನ ಹತ್ತೂತನಕ ನನಗ 11 ತಿಂಗಳ ಹಿಡೀತು. ಸಂದರ್ಶನ, ಶಿಫಾರಸು ಪತ್ರ, ನರ್ಸಿಂಗ್ ಕೌನ್ಸಿಲ್ ನೋಂದಣಿ, ಪೊಲೀಸ್ ಪರಿಶೀಲನೆ ಪತ್ರ, ವೈದ್ಯಕೀಯ ತಪಾಸಣೆ, ಎಲ್ಲಾ ಒಂದರ ಹಿಂದ ಒಂದು. ಈ 11 ತಿಂಗಳ ನಾ ಡ್ಯೂಟಿ ಮ್ಯಾಲಾ ಇದ್ದೆ. ಕರಾರು ಪತ್ರ ಬಂದ ಮರುದಿನ ರಾಜೀನಾಮೆ ಕೊಟ್ಟೆ. ನೀ ಈಗಾ ಬಿಟ್ರ ಆ ಕಾಯೂ ತಿಂಗಳೆಲ್ಲಾ ನಿನ್ನ 1,60,000ವನ್ನ ತಿಂತಾವ.

ಈಗ ತಯಾರಿ ಮಾತು. ಹೋದ ಮೂರನೇ ರಾತ್ರಿ ಕರೆಂಟ್ ಹೋತು, ಜನರೇಟರಿಗೆ ಡೀಸೆಲ್ ಇಲ್ಲ. ಆಕ್ಸಿಜನ್ ಕೊಡೂ ಯಂತ್ರ ಗುರ್ ಅನ್ನೂದು ನಿಂತಬಿಡ್ತು. ಆ ಸಪ್ಪಳ ನಿಂತಾಗ ಎದಿಯಾಗ ಏನಾಗ್ತೈತಿ ಹೇಳಾಕ ಬರಂಗಿಲ್ಲ. ಆರು ಕೂಸು, ಒಂದು ಟಾರ್ಚ್. ನನ್ನ ಕೂಡ ಇದ್ದ ಅಲ್ಲಿನ ಸಿಸ್ಟರ್ ಗಾಬರಿ ಆಗಲಿಲ್ಲ. ಟಾರ್ಚ್ ಬಾಯಾಗ ಕಚಗೊಂಡು, ಅಂಗಿ ಎತ್ತಿ, ಎದಿ ನೋಡಕೋತ ಒಂದೊಂದು ಕೂಸಿನ ಉಸುರು ಎಣಿಸಿದಳು. ಯಾವ ಕೂಸಿಗೆ ಸಿಲಿಂಡರ್ ಮೊದಲ ಅಂತ ಎಣಿಕಿ ಮ್ಯಾಲಾ ಹೇಳಿದಳು. ಹದಿಮೂರು ವರ್ಷ ಡ್ಯೂಟಿ ಮಾಡಿದ ನನಗ ಅದು ಅಷ್ಟು ಚೊಲೊ ಬರ್ತಿರಲಿಲ್ಲ, ಯಾಕಂದ್ರ ಇಲ್ಲೆ ಮಾನಿಟರ್ ಹೇಳ್ತಿತ್ತು, ನಾ ಬರಕೋತಿದ್ದೆ.

ನೀನೂ ಐಸಿಯುದಾಕಿ, ಅದಕ್ಕಾ ಹೇಳ್ತೀನಿ. ಇವತ್ತಿಂದ ದಿನಾ ಒಂದು ಕೂಸಿನ ಉಸುರು ಪೂರಾ ಒಂದು ನಿಮಿಷ ಎಣಸು. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಸಬ್ಯಾಡ. ಎರಡು ತಿಂಗಳದಿಂದ ವರ್ಷದೊಳಗಿನ ಕೂಸಿಗೆ 50, ವರ್ಷದಿಂದ ಐದು ವರ್ಷದೊಳಗಿನದಕ್ಕ 40. ಅದಕ್ಕ ಮುಟ್ಟಿತು ಅಂದ್ರ ಉಸುರು ಜೋರ ಐತಿ ಅಂತ ಅರ್ಥ. ಪಂಪ್ ಇಲ್ಲದ ಸಲೈನ್ ಬಿಡೂದು ಕಲಿ: ಸಾದಾ ಸೆಟ್ಟಿನಾಗ 20 ಹನಿಗೆ ಒಂದು ಎಂಎಲ್, ಮಕ್ಕಳ ಸೆಟ್ಟಿನಾಗ 60 ಹನಿಗೆ. ಕೈಗಡಿಯಾರ ಹಿಡಕೊಂಡು ಹನಿ ಎಣಿಸೂದು ರೂಢಿ ಆಗಬೇಕು. ಮಲೇರಿಯಾದಾಗ ರಕ್ತ ಇಳದ ಕೂಸಿನ ಅಂಗೈ ನೋಡಿದ್ರ ತಿಳೀತೈತಿ, ಅದನ್ನ ಅವರವ್ವನ ಅಂಗೈ ಬಾಜೂಕ ಇಟ್ಟು ನೋಡೂದು. ಇದನ್ನ ಯಾವ ಆನ್‌ಲೈನ್ ಕೋರ್ಸೂ ಕೈಗೆ ಹತ್ತಸಂಗಿಲ್ಲ. ವಾರ್ಡಿನಾಗ ಇದ್ದರ ಮಾತ್ರ ಬರ್ತೈತಿ. ಐಸಿಯು ಬಿಟ್ಟು ಮಕ್ಕಳ ವಾರ್ಡಿಗೆ, ಆಮ್ಯಾಲೆ ಹೆರಿಗಿ ಕೋಣೆಗೆ ಹಾಕ್ರಿ ಅಂತ ಮೇಟ್ರನ್ನರ ಹತ್ರ ಕೇಳು. ಅಂಥಾ ಆರು ತಿಂಗಳ ನೌಕರಿ ಒಂದು ವರ್ಷದ ಮನಿ ತಯಾರಿಗಿಂತ ಹೆಚ್ಚು.

ಭಾಷಾ ಅಂದ್ಯಲ್ಲ, ನನಗ ಅಲ್ಲೆ ಬೇಕಾದ್ದು ಫ್ರೆಂಚೂ ಅಲ್ಲ, ಇಂಗ್ಲಿಷೂ ಪೂರಾ ಅಲ್ಲ. ಅಚೋಲಿ. ‘ಅಪ್ವೊಯೊ’ ಅಂದ್ರ ನಮಸ್ಕಾರನೂ ಹೌದು, ಉಪಕಾರ ಆತು ಅನ್ನೂದೂ ಹೌದು. ಎಲ್ಲಿ ನೋಯ್ತೈತಿ, ಹಾಲು ಕುಡೀತೇನು, ಎಷ್ಟು ದಿನ ಆತು, ಇಂಥಾವು ನಲವತ್ತು ಮಾತು ಒಂದು ಸಣ್ಣ ವಹಿಯಾಗ ಕನ್ನಡದಾಗ ಬರಕೊಂಡಿದ್ದೆ. ಆ ವಹಿ ಈಗೂ ಐತಿ.

ಸಾಲ ಹೊತಗೊಂಡು ಹೋಗಬ್ಯಾಡ. ಅಲ್ಲಿ ಬರೂ ಭತ್ಯೆ ಉಣ್ಣಾಕ, ಇರಾಕ ಸಾಕಾಗ್ತಿತ್ತು, ಮನಿಗೆ ಕಳಸಾಕ ಅಲ್ಲ. ನಿನ್ನ 90,000 ತೀರಿಸಿ ಹೋಗು. ಹಳದಿ ಜ್ವರದ ಲಸಿಕೆ ಸರ್ಕಾರ ಗೊತ್ತುಮಾಡಿದ ಕೇಂದ್ರದಾಗ ಮಾತ್ರ ಹಾಕ್ತಾರ, ಹಾಕಿಸಿ 10 ದಿನ ಆದ ಮ್ಯಾಲೆ ಅದರ ಪತ್ರ ಚಾಲ್ತಿಗೆ ಬರ್ತೈತಿ. ಈಗ ಅದು ಜೀವನಪೂರ್ತಿ ನಡೀತೈತಿ. ಆ ಪತ್ರ ಕಳಕೊಂಡ್ರ ತಿರುಗಿ ಬರೂ ಮುಂದ ನಮ್ಮ ವಿಮಾನ ನಿಲ್ದಾಣದಾಗಾ ಆರು ದಿನದ ತನಕ ಕ್ವಾರಂಟೈನ್.

ಬ್ಯಾಡಗಿ_ಬಿಸಿಲು | ಮಂಗಳವಾರ, ಬೆಳಗ್ಗೆ 6:50

ಅಕ್ಕಾರ, ಈ ಮಾತು ನಮ್ಮ ನರ್ಸಿಂಗ್ ಕಾಲೇಜಿನ ಮಕ್ಕಳಿಗೆ ಓದಿ ಹೇಳ್ತೀನಿ.

ಕಪ್ಪತಗುಡ್ಡ | ಮಂಗಳವಾರ, ಬೆಳಗ್ಗೆ 9:30

ನನಗ ಸಿಟ್ಟು ಬರ್ತೈತಿ, ಇದ್ದದ್ದು ಇದ್ದಂಗ ಹೇಳ್ತೀನಿ. ಆಫ್ರಿಕಾ ಯಾಕ? ಹೋದ ವರ್ಷ ನನ್ನ ಹೇಣ್ತಿನ್ನ ರಾತ್ರಿ ಎರಡಕ್ಕ ಒಂದು ಸರ್ಕಾರಿ ದವಾಖಾನಿಗೆ ಕರಕೊಂಡು ಹೋದೆ. ಎರಡು ವಾರ್ಡಿಗೆ ಒಬ್ಬಾಕಿ ಸಿಸ್ಟರ್. ಆಕಿ ಓಡ್ಯಾಡಿ ಓಡ್ಯಾಡಿ ಚಪ್ಪಲಿ ಬಿಟ್ಟು ಬರಿಗಾಲಲೆ ಇದ್ದಳು. ನಮ್ಮಲ್ಲೆ ಮಂದಿ ಇಲ್ಲ, ಇದ್ದವರು ಹೊರದೇಶಕ್ಕ ಹೊಂಟ್ರ ನಮ್ಮ ಗತಿ ಏನು?

ಉಣಕಲ್_ಕೆರಿ | ಮಂಗಳವಾರ, ಬೆಳಗ್ಗೆ 9:48

ದುಬೈ, ಲಂಡನ್‌ಗೆ ಪಗಾರಕ್ಕ ಹೋಗೂ ನರ್ಸ್‌ಗಳಿಗೆ ಯಾರೂ ಈ ಮಾತು ಅನ್ನಂಗಿಲ್ಲ. ಸೇವಾಕ್ಕ ಹೋಗಾಕಿಗೆ ಮಾತ್ರ ಯಾಕ?

ಹಳೇ_ಮಾಸ್ತರ | ಮಂಗಳವಾರ, ಬೆಳಗ್ಗೆ 11:05

ಕಪ್ಪತಗುಡ್ಡದವರೇ, ನಿಮ್ಮ ಸಂಕಟ ನ್ಯಾಯವಾದದ್ದು. ಆದರೂ ಎರಡು ಸಂಗತಿ ಹೇಳಬೇಕು.

ನಮ್ಮ ಗದಗಿನ ಕಣಗಿನಹಾಳದಲ್ಲಿ 1905ರಲ್ಲಿ ಸಹಕಾರ ಸಂಘ ಹುಟ್ಟಿತು. ಇಡೀ ದೇಶ ಅದನ್ನು ನೆನೆಯುತ್ತದೆ, ನಾವೂ ಹೆಮ್ಮೆಪಡುತ್ತೇವೆ. ರೈತರೇ ಕೂಡಿ ಒಬ್ಬರಿಗೊಬ್ಬರು ಸಾಲ ಕೊಡುವ ಆ ಪದ್ಧತಿ ಬೆಳೆದದ್ದು ಜರ್ಮನಿಯ ಹಳ್ಳಿಗಳಲ್ಲಿ, ರೈಫೈಸನ್ ಎಂಬಾತ ಅಲ್ಲಿಯ ಬಡ ರೈತರಿಗಾಗಿ ಕಟ್ಟಿದ್ದು. ಅಲ್ಲಿಯ ಅನುಭವ ಇಲ್ಲಿಯ ಸಾಹುಕಾರನ ಬಡ್ಡಿಯಿಂದ ನಮ್ಮವರನ್ನು ಬಿಡಿಸಲು ನೆರವಾಯಿತು.

ಇನ್ನೊಂದು ನಾನು ಕಣ್ಣಾರೆ ಕಂಡದ್ದು. ಅಮೆರಿಕದ ಪೀಸ್ ಕೋರ್ ಸ್ವಯಂಸೇವಕರು 1961ರಿಂದ 1976ರವರೆಗೆ ಭಾರತದಲ್ಲಿದ್ದರು. ನಾನು ಏಳನೆಯ ಇಯತ್ತೆಯಲ್ಲಿದ್ದಾಗ ನಮ್ಮ ಊರಿಗೆ ಅಂಥ ಒಬ್ಬ ಹುಡುಗ ಕೋಳಿ ಸಾಕಣೆ ಕಲಿಸಲು ಬಂದ. ನಮ್ಮ ಪಡಸಾಲೆಯಲ್ಲೇ ಕಂಬಳಿ ಹಾಸಿ ಮಲಗುತ್ತಿದ್ದ. ಬರುವ ಮೊದಲೇ ಮೂರು ತಿಂಗಳು ಭಾಷೆ ಕಲಿಸಿ ಕಳಿಸಿದ್ದರಂತೆ. ‘ಕೋಳಿಗೆ ನೀರ ಇಡ್ರಿ’ ಎನ್ನುವುದನ್ನು ನಮ್ಮ ಅಜ್ಜಿಯ ಧಾಟಿಯಲ್ಲೇ ಅನ್ನುತ್ತಿದ್ದ. ಅಜ್ಜಿ ಸಾಯುವವರೆಗೂ ಅವನನ್ನು ‘ನನ್ನ ಬಿಳಿ ಮೊಮ್ಮಗ’ ಎಂದೇ ಕರೆದಳು. ಅವನ ದೇಶದಲ್ಲೂ ಬಡವರಿದ್ದರು. ಅವನು ಬಂದದ್ದು ತಪ್ಪು ಎಂದು ನನಗೆ ಒಂದು ದಿನವೂ ಅನ್ನಿಸಲಿಲ್ಲ.

ಧಾರವಾಡಕ್ಕೆ ಬಂದ ಕಿಟ್ಟೆಲ್ ಅವರನ್ನೂ ನೆನೆಯಿರಿ. 1853ರಲ್ಲಿ ಬಂದವರು 1894ರಲ್ಲಿ ನಿಘಂಟು ಕೊಟ್ಟರು. ಇವತ್ತಿಗೂ ನನ್ನ ಮೇಜಿನ ಮೇಲಿದೆ.

ಸಾಲಿಮನಿ | ಮಂಗಳವಾರ, ಬೆಳಗ್ಗೆ 11:20

ಮಾಸ್ತರ, ಕಿಟ್ಟೆಲ್ ಬಂದದ್ದು ಧರ್ಮಪ್ರಚಾರಕ್ಕರಿ. ಸೇವಾ ಬ್ಯಾರೆ, ಅದು ಬ್ಯಾರೆ.

ಹಳೇ_ಮಾಸ್ತರ | ಮಂಗಳವಾರ, ಬೆಳಗ್ಗೆ 11:34

ಬಂದ ಕಾರಣ ಅದೇ, ಒಪ್ಪಿದೆ. ನಾನು ಹೇಳಿದ್ದು ನುಡಿ ಕಲಿತ ಬಗೆಯನ್ನು. ಹೋದ ಊರಿನ ಮಾತನ್ನು ಅಷ್ಟು ಗೌರವದಿಂದ ಕಲಿತರೆ ಆ ಊರು ನಮ್ಮನ್ನು ಹೊರಗಿನವರೆಂದು ಎಣಿಸುವುದಿಲ್ಲ.

ಲಕ್ಕುಂಡಿ_ಹುಡುಗಿ | ಮಂಗಳವಾರ, ಮಧ್ಯಾಹ್ನ 3:15

ಕಪ್ಪತಗುಡ್ಡ ಅಣ್ಣಾರ, ನಿಮ್ಮ ಮಾತು ಓದಿ ನಿದ್ದಿ ಬರಲಿಲ್ಲ. ಆ ಬರಿಗಾಲ ಸಿಸ್ಟರ್ ನಾನೂ ಆಗಿದ್ದೀನಿ, ಎಷ್ಟೋ ರಾತ್ರಿ. ನಮ್ಮೂರ ಮ್ಯಾಲೆ ಪ್ರೀತಿ ಇಲ್ಲ ಅಂತ ಹೊಂಟಿಲ್ಲ. ಆ ಕೇರಳದ ಸಿಸ್ಟರ್ ಊರಾಗೂ ಬಾಣಂತ್ಯಾರು ಇದ್ದರಲ್ರಿ. ಆದ್ರೂ ಆಕಿ ನಮ್ಮ ಊರಿಗೆ ಬಂದಿದ್ದಳು. ಎರಡು ವರ್ಷ ಮುಗಿಸಿ ತಿರುಗಿ ಇಲ್ಲೇ ಬರ್ತೀನಿ, ಇದು ನಾ ಅವ್ವಗೂ ಕೊಟ್ಟ ಮಾತು.

ಅಕ್ಕಾ (ವರದಾ ತೀರದಾಕಿ), ನೀವು ಬರದದ್ದನ್ನ ಮೂರು ಸಲ ಓದಿದೆ. ನನಗ ಖರೇನ ಪಂಪ್ ಇಲ್ಲದ ಹನಿ ಎಣಿಸೂದು ಮರತಂಗ ಆಗೇತಿ.

ಕಪ್ಪತಗುಡ್ಡ | ಮಂಗಳವಾರ, ಸಂಜೆ 5:02

ತಂಗಿ, ಮನಸ್ಸಿಗೆ ಹಚ್ಕೋಬ್ಯಾಡ. ಸಿಟ್ಟು ನಿನ್ನ ಮ್ಯಾಲಿಂದಲ್ಲ. ಹೋಗಿ ಬಾ, ಬಂದ ಮ್ಯಾಲೆ ಮುಂಡರಗಿ ಕಡೆ ಬಾ.

ಮಲಪ್ರಭಾ | ಮಂಗಳವಾರ, ಸಂಜೆ 5:30

ಅಕ್ಕಾರ, ಅಲ್ಲೆ ಊಟಕ್ಕ ಏನು ಮಾಡ್ತಿದ್ರಿ? ನಮ್ಮ ಹುಡುಗಿ ರೊಟ್ಟಿ ಇಲ್ದ ಹೆಂಗ ಇರ್ತಾಳ?

ವರದಾ_ತೀರ | ಮಂಗಳವಾರ, ರಾತ್ರಿ 9:10

ರೊಟ್ಟಿ ಚಿಂತಿ ಬ್ಯಾಡ್ರಿ. ಜೋಳ ಮೂಲದಾಗ ಆಫ್ರಿಕಾದ್ದಾ, ಅಲ್ಲಿಂದಾ ನಮ್ಮ ಹೊಲಕ್ಕ ಬಂದದ್ದು. ರಾಗಿನೂ ಹಂಗಾ, ಪೂರ್ವ ಆಫ್ರಿಕಾದ ಗುಡ್ಡಗಾಡಿಂದು. ಗುಲು ಸಂತ್ಯಾಗ ಎರಡೂ ಸಿಗ್ತಾವ. ನಾ ಕಟ್ಟಿಗಿ ಒಲಿ ಮ್ಯಾಲೆ ತಗಡಿನ ಹಂಚು ಇಟ್ಟು ರೊಟ್ಟಿ ಬಡದೆ. ಆ ಸಪ್ಪಳಕ್ಕ ಓಣಿ ಹೆಂಗಸರೆಲ್ಲಾ ಬಂದು ನಿಂತ್ರು, ಒಬ್ಬಾಕಿ ಅಜ್ಜಿ ತಾನೂ ಬಡಿಯಾಕ ಕುಂತ್ಲು.

ಮತ್ತ ‘ಮಲಕ್ವಾಂಗ್’ ಅಂತ ಒಂದು ಪಲ್ಯ ಮಾಡ್ತಾರ. ಹುಳಿ ಎಲಿ, ಕುದಿಸಿ, ಶೇಂಗಾ ಇಲ್ಲಾ ಎಳ್ಳು ಅರದು ಹಾಕ್ತಾರ. ಬಾಯಾಗ ಇಟ್ಟ ಕೂಡ್ಲೆ ನನಗ ನಮ್ಮ ಅವ್ವನ ಪುಂಡಿಪಲ್ಯ ನೆನಪಾತು. ಅದೂ ಪುಂಡಿ ಜಾತಿ ಗಿಡಾನ. ಅಲ್ಲಿ ಹೋದ ಮೊದಲ ವಾರದಾಗ ತಿಂದೆ, ಅಲ್ಲೇ ಕುಂತು ಅತ್ತಬಿಟ್ಟೆ.

ಬ್ಯಾಡಗಿ_ಬಿಸಿಲು | ಮಂಗಳವಾರ, ರಾತ್ರಿ 9:22

ಪುಂಡಿಪಲ್ಯ ಅಲ್ಲಿ ತನಕ ಮುಟ್ಟೇತಿ! ಒಂದು ಡಬ್ಬಿ ಬ್ಯಾಡಗಿ ಖಾರ ನಾ ಕಳಸ್ತೀನಿ, ತಂಗಿ ಹೋಗೂ ಮುಂದ ಹೇಳಬೇಕು.

ಮೂರ_ಮಕ್ಕಳ_ತಾಯಿ | ಬುಧವಾರ, ಬೆಳಗ್ಗೆ 10:40

ನಾ ಇಂಥಾ ಕಡೆ ಬರಿಯಾಕಿ ಅಲ್ಲವ್ವಾ, ಮಗ ಓದಿ ತೋರಿಸಿದ. ನನ್ನ ದೊಡ್ಡ ಮಗಳೂ ಹೊರದೇಶಕ್ಕ ಹೋದಾಗ ನಾನೂ ಮದುವಿ ಮಾತಾ ತಗದಿದ್ದೆ. ಮದುವಿ ಆಸೆಗಲ್ಲ, ಅಂಜಿಕಿಗೆ. ಆಕಿಗೆ ಏನರೆ ಆದ್ರ ಯಾರು ಫೋನ್ ಹಚ್ತಾರ, ಯಾರ ಮನ್ಯಾಗ ಇರ್ತಾಳ, ಜಡ್ಡು ಆದ್ರ ಯಾರು ನೋಡ್ತಾರ, ಇದನ್ನ ಯಾರೂ ನನಗ ಹೇಳಿರಲಿಲ್ಲ. ನಿಮ್ಮವ್ವ ಅಪ್ಪಗ ಫ್ರೆಂಚ್, ಕೋರ್ಸ್ ಅಂತ ಹೇಳಬ್ಯಾಡ. ಈ ಹಾವೇರಿ ತಂಗಿನ್ನ ಒಂದು ದಿನ ಊರಿಗೆ ಕರಕೊಂಡು ಹೋಗಿ ಅವರ ಮುಂದ ಕುಂದ್ರಸು. ಆಕಿ ಮಾರಿ ನೋಡಿದ್ರ ಅವರಿಗೆ ಅರ್ಧ ಅಂಜಿಕಿ ಹೋಗ್ತೈತಿ.

ವರದಾ_ತೀರ | ಬುಧವಾರ, ಬೆಳಗ್ಗೆ 11:00

ಬರ್ತೀನ್ರಿ. ತಂಗಿ, ಭಾನುವಾರ ಆದ್ರ ಚೊಲೊ. ಖಾಸಗಿ ಸಂದೇಶದಾಗ ನಂಬರ್ ಕಳಸು.

ನವಲೂರ_ಪೇರಲ | ಬುಧವಾರ, ಮಧ್ಯಾಹ್ನ 12:20

ಇನ್ನೊಂದು, ಮೂಲ ಅಂಕಪಟ್ಟಿ, ಡಿಗ್ರಿ ಪತ್ರ ದವಾಖಾನ್ಯಾಗ ಇಟಗೊಂಡಾರೇನು? ನನ್ನ ತಂಗೀದು ಒಂದು ಕಡೆ ಬಾಂಡ್ ಅಂತ ಇಟಗೊಂಡಿದ್ರು, ಬಿಡಿಸಾಕ ನಾಕು ತಿಂಗಳ ಹಿಡೀತು. ಅಪಾಸ್ಟಿಲ್, ಅಂದ್ರ ಪತ್ರ ಹೊರದೇಶದಾಗ ನಡಿಯೂಹಂಗ ಸರ್ಕಾರ ಹಾಕೂ ಮುದ್ರೆ, ಮಾಡಸಾಕ ಮೂಲ ಪತ್ರ ಬೇಕಾ ಬೇಕು. ಪಾಸ್‌ಪೋರ್ಟ್ ಮಾಡಿಸಿಲ್ಲಂದ್ರ ಹುಬ್ಬಳ್ಳಿ ಸೇವಾ ಕೇಂದ್ರದಾಗ ಈಗಾ ಹೆಸರು ಹಚ್ರಿ. ಈ ಎರಡಕ್ಕೂ ರಾಜೀನಾಮೆ ಬೇಕಾಗಿಲ್ಲ.

ನೃಪತುಂಗ_ಬೆಟ್ಟ | ಬುಧವಾರ, ರಾತ್ರಿ 8:30

ಫ್ರೆಂಚ್ ಬೇಡ ಎಂದು ಪೂರ್ತಿ ಬಿಡಬೇಡಿ. ಹಗಲು ಪಾಳಿ ಸಿಕ್ಕರೆ ಸಂಜೆ ಅರ್ಧ ತಾಸು ನಾನೇ ಫೋನಿನಲ್ಲಿ ಕಲಿಸುತ್ತೇನೆ, ಶುಲ್ಕ ಏನೂ ಬೇಡ. ಇನ್ಯಾರಾದರೂ ಸೇರುವುದಿದ್ದರೆ ಸೇರಿ.

ಲಕ್ಕುಂಡಿ_ಹುಡುಗಿ | ಮೂರು ವಾರದ ನಂತರ, ಶುಕ್ರವಾರ, ರಾತ್ರಿ 10:15

ಎಲ್ಲಾರಿಗೂ ಸುದ್ದಿ ಹೇಳಬೇಕು ಅಂತ ಬಂದೆ.

ರಾಜೀನಾಮೆ ಕೊಟ್ಟಿಲ್ಲ. ಐದು ವರ್ಷ ಮುಗಿಸ್ತೀನಿ, ಅಷ್ಟರಾಗ ಉಳಿತಾಯ ಹಾಕಿ ಸಾಲ ತೀರಿಸ್ತೀನಿ. ಮೇಟ್ರನ್ ಮೇಡಂ ಮೊದಲ ‘ಐಸಿಯುಗೆ ಮಂದಿ ಇಲ್ಲ’ ಅಂದ್ರು. ಯಾಕ ಬೇಕು ಅಂತ ಪೂರಾ ಹೇಳಿದೆ, ಟ್ರ್ಯಾಕ್ಟರ್ ಮಾತೂ ಹೇಳಿದೆ. ಎರಡು ದಿನ ಬಿಟ್ಟು ಕರದು ಮಕ್ಕಳ ವಾರ್ಡಿಗೆ ಹಾಕಿದ್ರು. ಪಾಳಿ ವಾರಕ್ಕೊಮ್ಮೆ ಬದಲಾಗ್ತೈತಿ, ಹಗಲು ಪಾಳಿ ವಾರದಾಗ ಫ್ರೆಂಚ್ ನಡದೈತಿ. ಮೂಲ ಪತ್ರ ನನ್ನ ಕಡೇನಾ ಅದಾವ.

ವರದಾ ತೀರದ ಅಕ್ಕ ಊರಿಗೆ ಬಂದಿದ್ರು. ಅಪ್ಪ ಆಕಿನ್ನ ಒಂದಾ ಪ್ರಶ್ನಿ ಕೇಳಿದ, ‘ಅಲ್ಲೆ ಮಳಿ ಹೆಂಗ ಆಗ್ತೈತಿ?’ ಅಂತ. ಆಮ್ಯಾಲೆ ಇಬ್ಬರೂ ಒಂದು ತಾಸು ಮಳಿ, ಜೋಳ, ಎಳ್ಳಿನ ಮಾತಾ ಆಡಿದ್ರು. ಹೋಗೂ ಮುಂದ ಅಪ್ಪ ಒಂದು ಪಡಿ ಬಿಳಿಜೋಳ ಕಟ್ಟಿ ಕೊಟ್ಟ. ಅವ್ವ ಇನ್ನೂ ಒಪ್ಪಿಲ್ಲ, ಮದುವಿ ಮಾತೂ ಬಿಟ್ಟಿಲ್ಲ.

ನಿನ್ನೆ ರಾತ್ರಿ ಒಂದು ಕೂಸು ಬಂತು. ಮಾನಿಟರಿನಾಗ ಉಸುರು 38 ತೋರಸ್ತಿತ್ತು. ಅಕ್ಕ ಹೇಳಿದಂಗ ಅಂಗಿ ಎತ್ತಿ, ಗಡಿಯಾರ ಹಿಡದು ಪೂರಾ ಒಂದು ನಿಮಿಷ ಎಣಿಸಿದೆ. 54 ಬಂತು. ಮತ್ತೊಮ್ಮೆ ಎಣಿಸಿದೆ, 55.

ವರದಾ_ತೀರ | ಶುಕ್ರವಾರ, ರಾತ್ರಿ 10:21

ಎಷ್ಟು ತಿಂಗಳ ಕೂಸು?

ಲಕ್ಕುಂಡಿ_ಹುಡುಗಿ | ಶುಕ್ರವಾರ, ರಾತ್ರಿ 10:22

ಏಳು ತಿಂಗಳ, ಅಕ್ಕಾ.

ವರದಾ_ತೀರ | ಶುಕ್ರವಾರ, ರಾತ್ರಿ 10:22

ಡಾಕ್ಟರನ್ನ ಎಬ್ಬಿಸಿದಿ?

ಲಕ್ಕುಂಡಿ_ಹುಡುಗಿ | ಶುಕ್ರವಾರ, ರಾತ್ರಿ 10:24

ಎಬ್ಬಿಸಿದೆ. ಎಕ್ಸ್‌ರೇದಾಗ ನ್ಯುಮೋನಿಯಾ ಇತ್ತು. ಇವತ್ತು ಸಂಜಿಗೆ 44ಕ್ಕ ಇಳದೈತಿ, ಹಾಲು ಕುಡಿಯಾಕ ಹತ್ತೈತಿ. ಈಗ ಮತ್ತ ಎಣಿಸಾಕ ಹೊಂಟೀನಿ.